ಮತಪೆಟ್ಟಿಗೆಗೆ ಕಾವಲು ಕೂತವರು

ಭಾರತದ ಚುನಾವಣಾ ಕಾನೂನಿನಲ್ಲಿ ನಾಗರಿಕ ವೀಕ್ಷಕ ಎಂಬ ಸ್ಥಾನವೇ ಇಲ್ಲ. ಮತಗಟ್ಟೆಯೊಳಗೆ ಯಾರನ್ನು ಬಿಡಬಹುದು ಎಂಬುದನ್ನು 1961ರ ಚುನಾವಣಾ ನಿಯಮಗಳು ಹೆಸರು ಹಿಡಿದು ಹೇಳುತ್ತವೆ. ಮತಗಟ್ಟೆ ಸಿಬ್ಬಂದಿ, ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಚುನಾವಣಾ ಆಯೋಗ ಅನುಮತಿ ಕೊಟ್ಟವರು, ಅಭ್ಯರ್ಥಿ ಮತ್ತು ಅವರ ಏಜೆಂಟರು, ಕಣ್ಣು ಕಾಣದ ಅಥವಾ ಅಶಕ್ತ ಮತದಾರರ ಜೊತೆಗಾರ, ಮತದಾರರ ಕಂಕುಳಲ್ಲಿರುವ ಕೂಸು. ಕೂಸಿಗೆ ಇರುವ ಈ ಅವಕಾಶ ಯಾವ ಪಕ್ಷಕ್ಕೂ ಸೇರದ ನಿವೃತ್ತ ಮೇಷ್ಟರಿಗೆ ಇಲ್ಲ. ಎಣಿಕೆ ಕೋಣೆಯ ಪಟ್ಟಿ ಇನ್ನೂ ಚಿಕ್ಕದು. ಅಲ್ಲಿಗೆ ಕೂಸೂ ಬರುವಂತಿಲ್ಲ. ಹೀಗಾಗಿ ಮತದಾನವನ್ನು ಕಣ್ಣಾರೆ ಕಾಯಬೇಕೆಂದ ಕನ್ನಡಿಗರಿಗೆ ಎರಡೇ ದಾರಿ ಉಳಿದವು. ಒಂದು, ಯಾರಾದರೂ ಅಭ್ಯರ್ಥಿಯ ಏಜೆಂಟಾಗಿ ಒಳಗೆ ಹೋಗುವುದು. ಇನ್ನೊಂದು, ಹೊರಗೇ ನಿಂತು ಮತದಾನಕ್ಕೆ ಮೊದಲು ಮತ್ತು ನಂತರ ಹುಟ್ಟುವ ಕಾಗದಪತ್ರಗಳನ್ನು ಜಾಲಾಡುವುದು. ಕನಕಪುರದ ಸೀಮೆ ಮೊದಲ ದಾರಿಯನ್ನು ದಶಕಗಳ ಕಾಲ ತುಳಿದಿದೆ. ಎರಡನೆಯದು ಬಹುಮಟ್ಟಿಗೆ ಬೆಂಗಳೂರಿನದು.

ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ನಡೆಸಿದ 1951–52ರ ಮೊದಲ ಮಹಾಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಬಹುಪಾಲು ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಆದ್ದರಿಂದ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ ಇಟ್ಟು, ಮೇಲೆ ಚಿಹ್ನೆ ಅಂಟಿಸಿದರು. ಮತದಾರ ಮರೆಗೆ ಹೋಗಿ, ಯಾವ ಗುರುತೂ ಇಲ್ಲದ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರುತ್ತಿದ್ದ. ರಾಮನಗರ ಸೀಮೆಯ ಕೆಂಗಲ್ ಹನುಮಂತಯ್ಯನವರನ್ನು ಮೈಸೂರಿನ ಮುಖ್ಯಮಂತ್ರಿ ಪದವಿಗೆ ತಂದದ್ದು ಇದೇ ಚುನಾವಣೆ. ಆದರೆ ಮರೆಯೊಳಗೆ ಹೋದವನು ಚೀಟಿಯನ್ನು ಪೆಟ್ಟಿಗೆಗೆ ಹಾಕಿದನೋ, ಜೇಬಿಗೆ ಹಾಕಿಕೊಂಡು ಹೊರಗೆ ಮಾರಿದನೋ ಎಂದು ನೋಡುವವರು ಯಾರೂ ಇರಲಿಲ್ಲ. ಈ ತೊಡಕು ಕಂಡೇ 1962ರ ಹೊತ್ತಿಗೆ ಎಲ್ಲ ಚಿಹ್ನೆಗಳೂ ಒಂದೇ ಕಾಗದಕ್ಕೆ ಬಂದವು. ಚಿಹ್ನೆಯ ಮೇಲೆ ಠಸ್ಸೆ ಒತ್ತಿ ಎಲ್ಲರಿಗೂ ಒಂದೇ ಆದ ಪೆಟ್ಟಿಗೆಗೆ ಹಾಕುವ ಪದ್ಧತಿ ನೆಲೆಯೂರಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಹುಟ್ಟಿದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿ ಮತದಾರರ ಬೆರಳಿಗೆ ಏರಿದ್ದೂ ಅದೇ ಚುನಾವಣೆಯಲ್ಲಿ.

ಏಜೆಂಟನ ಕೆಲಸಕ್ಕೆ ಆಧಾರ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 46 ಮತ್ತು 47ನೇ ಕಲಮುಗಳು: ಮೊದಲನೆಯದು ಮತಗಟ್ಟೆಗೆ, ಎರಡನೆಯದು ಎಣಿಕೆಗೆ. ಏಜೆಂಟ್ ಆ ಮತಗಟ್ಟೆಯ ಮತದಾರನೇ ಆಗಿರಬೇಕು ಎಂದು ಆಯೋಗ ಬಹುಕಾಲ ಪಟ್ಟು ಹಿಡಿದಿತ್ತು. ಕಾರಣ ಸರಳ: ಊರಿನವನಿಗೆ ಊರಿನವರ ಮುಖ ಗೊತ್ತು. ಇನ್ನೊಬ್ಬರ ಹೆಸರಲ್ಲಿ ಮತ ಹಾಕಲು ಬಂದವನನ್ನು ತಡೆಯಬೇಕಾದರೆ ಏಜೆಂಟ್ ಮತಗಟ್ಟೆ ಅಧಿಕಾರಿಯ ಮುಂದೆ ಎರಡು ರೂಪಾಯಿ ನಗದು ಇಟ್ಟು ಆಕ್ಷೇಪ ಎತ್ತಬೇಕು. ಅಧಿಕಾರಿ ಅಲ್ಲೇ ವಿಚಾರಣೆ ನಡೆಸುತ್ತಾರೆ. ಆಕ್ಷೇಪ ನಿಜವಾದರೆ ಹಣ ವಾಪಸು. ಹುಡುಗಾಟಕ್ಕೆ ಎತ್ತಿದ್ದಾದರೆ ಮುಟ್ಟುಗೋಲು. ಬೆಲೆಗಳು ಎಲ್ಲಿಂದ ಎಲ್ಲಿಗೋ ಹೋದರೂ ಈ ಎರಡು ರೂಪಾಯಿ ಮಾತ್ರ ನಿಯಮದಲ್ಲಿ ಹಾಗೆಯೇ ಕೂತಿದೆ.

ಮತಪತ್ರದ ಕಾಲದ ಎಣಿಕೆಗೆ ಕಣ್ಣಿನ ಪಳಗಿಕೆ ಬೇಕಿತ್ತು. ಶಾಯಿ ಒಣಗುವ ಮೊದಲೇ ಮತಪತ್ರ ಮಡಿಸಿದರೆ ಎದುರಿನ ಚಿಹ್ನೆಯ ಮೇಲೂ ಅಚ್ಚು ಮೂಡುತ್ತಿತ್ತು. ಯಾವುದು ಒತ್ತಿದ ಗುರುತು, ಯಾವುದು ಅಂಟಿದ ಗುರುತು ಎಂದು ಎಣಿಕೆ ಮೇಜಿನ ಮೇಲೆ ಜಗಳ ಏಳುತ್ತಿತ್ತು. ಠಸ್ಸೆಯ ಅಡ್ಡಗುರುತಿನ ನಾಲ್ಕೂ ತುದಿಗೆ ಬಾಣ ಇಟ್ಟಿರುವುದು ಇದಕ್ಕಾಗಿಯೇ. ಒತ್ತಿದ ಗುರುತಿನಲ್ಲಿ ಬಾಣಗಳು ಒಂದು ದಿಕ್ಕಿಗೆ ತಿರುಗಿದ್ದರೆ, ಅಂಟಿದ್ದರಲ್ಲಿ ಅದರ ತಿರುಗುಮುರುಗು ಕಾಣುತ್ತದೆ. ಗುರುತು ಮಸುಕಾಗಿದೆ, ಎರಡು ಸಲ ಒತ್ತಿದ್ದಾರೆ ಎಂಬ ಮಾತ್ರಕ್ಕೆ ಮತ ತಿರಸ್ಕರಿಸುವಂತಿಲ್ಲ. ಮತದಾರನ ಇಂಗಿತ ತಿಳಿದರೆ ಸಾಕು ಎನ್ನುತ್ತದೆ ನಿಯಮ. ಪಳಗಿದ ಎಣಿಕೆ ಏಜೆಂಟ್ ತನ್ನ ಕಡೆಯ ಅನುಮಾನದ ಮತವನ್ನು ಉಳಿಸಿಕೊಳ್ಳಲು, ಎದುರಾಳಿಯದನ್ನು ಬೀಳಿಸಲು ಹೋರಾಡುತ್ತಿದ್ದ. ಇಬ್ಬರ ಈ ಸ್ವಾರ್ಥದ ಜಗ್ಗಾಟದಲ್ಲೇ ಲೆಕ್ಕ ಸರಿಯಾಗುತ್ತದೆ ಎಂಬುದು ಇಡೀ ವ್ಯವಸ್ಥೆಯ ನಂಬಿಕೆ.

ಆ ನಂಬಿಕೆಗೆ ಒಂದು ಷರತ್ತಿದೆ: ಎರಡೂ ಕಡೆಯವರು ಮೇಜಿನ ಮುಂದೆ ಇರಬೇಕು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿಯ ರಾಜಕಾರಣ ನಾಯಕರ ಹೆಸರಿನ ಮೇಲೆ ನಡೆಯುವಂಥದ್ದು. ಕಾವೇರಿ–ಅರ್ಕಾವತಿ ಸಂಗಮಕ್ಕೆ ಹೋಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿ, ಹಿಂದಿನ ಸಾತನೂರು ಕ್ಷೇತ್ರಕ್ಕೆ ಸೇರಿದ ಊರು. ಈ ಊರಿನ ಡಿ.ಕೆ. ಶಿವಕುಮಾರ್ 1985ರಲ್ಲಿ ಸಾತನೂರಿನಲ್ಲಿ ಎಚ್.ಡಿ. ದೇವೇಗೌಡರ ಎದುರು ಸೋತರು, 1989ರಲ್ಲಿ ಗೆದ್ದರು, 1999ರಲ್ಲಿ ಅದೇ ಕ್ಷೇತ್ರದಲ್ಲಿ ಎಚ್.ಡಿ. ಕುಮಾರಸ್ವಾಮಿಯವರನ್ನು ಸೋಲಿಸಿದರು. 2002ರ ಕನಕಪುರ ಲೋಕಸಭಾ ಉಪಚುನಾವಣೆಯಲ್ಲಿ ದೇವೇಗೌಡರು ಶಿವಕುಮಾರ್ ಅವರನ್ನು ಮಣಿಸಿದರು. 2004ರಲ್ಲಿ ಅದೇ ದೇವೇಗೌಡರು ಅಲ್ಲಿ ಪತ್ರಕರ್ತೆ ತೇಜಸ್ವಿನಿಯವರ ಎದುರು ಸೋತರು. ಇಂಥ ಜಿದ್ದಾಜಿದ್ದಿಯ ಕಣದಲ್ಲಿ ದೊಡ್ಡ ಪಕ್ಷಗಳಿಗೆ ಏಜೆಂಟರ ಕೊರತೆ ಬರುವುದಿಲ್ಲ. ತೊಂದರೆ ಇರುವುದು ಒಬ್ಬ ನಾಯಕನ ಹಿಡಿತ ಬಿಗಿಯಾದ ಊರುಗಳಲ್ಲಿ. ಹಳ್ಳಿಯಲ್ಲಿ ಯಾರು ಯಾರ ಪರ ಬೆಂಚಿನ ಮೇಲೆ ಕೂತರು ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ನಾಳೆ ಅದೇ ಡೇರಿಗೆ ಹಾಲು ಹಾಕಬೇಕಾದವನು ಸೋಲುವ ಅಭ್ಯರ್ಥಿಯ ಪರ ಕೂರಲು ಹಿಂಜರಿದರೆ ಅಚ್ಚರಿಯೇನಿಲ್ಲ. ಮತಗಟ್ಟೆಯಲ್ಲಿ ಏಜೆಂಟರು ಸಿಗದಿದ್ದರೆ ಕ್ಷೇತ್ರದ ಬೇರೆ ಮತದಾರರನ್ನು ನೇಮಿಸಬಹುದು ಎಂದು ಆಯೋಗ ಕೊನೆಗೆ ನಿಯಮ ಸಡಿಲಿಸಿದ್ದು ಈ ವಾಸ್ತವವನ್ನು ಒಪ್ಪಿಕೊಂಡಂತೆ. ಕಾವಲಿಗೆ ಜನ ಸಿಕ್ಕರು, ಮುಖ ಗುರುತಿಸುವ ಬಲ ಹೋಯಿತು.

ಏಜೆಂಟರ ಕಣ್ಗಾವಲು ಸಾಲದು ಎಂಬುದನ್ನು ದೇಶ ಹಂತ ಹಂತವಾಗಿ ಒಪ್ಪಿಕೊಂಡಿತು. 1977ರಲ್ಲಿ ಪಂಜಾಬಿನ ಫಿರೋಜ್‌ಪುರದಲ್ಲಿ ಎಣಿಕೆಯ ವೇಳೆ ಗಲಭೆಯಾಗಿ ಮತಪತ್ರಗಳು ನಾಶವಾದಾಗ ಆಯೋಗ ಇಡೀ ಕ್ಷೇತ್ರಕ್ಕೆ ಮರುಮತದಾನ ಘೋಷಿಸಿತು. ಅದನ್ನು ಪ್ರಶ್ನಿಸಿದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಯೋಗದ ವಿಶಾಲ ಅಧಿಕಾರವನ್ನು ಎತ್ತಿಹಿಡಿಯಿತು. 1989ರಲ್ಲಿ ಮತಗಟ್ಟೆ ವಶಪಡಿಸಿಕೊಳ್ಳುವುದು ಪ್ರತ್ಯೇಕ ಅಪರಾಧವಾಯಿತು. 1990ರ ಡಿಸೆಂಬರಿನಲ್ಲಿ ಮುಖ್ಯ ಚುನಾವಣಾ ಆಯುಕ್ತರಾಗಿ ಬಂದ ಟಿ.ಎನ್. ಶೇಷನ್, ಆಯೋಗವೇ ಕಳಿಸುವ ವೀಕ್ಷಕರ ಪದ್ಧತಿಗೆ ಹಲ್ಲು ಕೊಟ್ಟರು. 1996ರಲ್ಲಿ ಕಾಯ್ದೆಗೆ ಸೇರಿದ 20ಬಿ ಕಲಮು, ಎಣಿಕೆಯನ್ನು ನಿಲ್ಲಿಸುವಂತೆ ಹೇಳುವ ಅಧಿಕಾರವನ್ನೂ ವೀಕ್ಷಕರಿಗೆ ನೀಡಿತು. ಆದರೆ ಆ ವೀಕ್ಷಕರು ಸರ್ಕಾರಿ ಅಧಿಕಾರಿಗಳೇ. ಸರ್ಕಾರ ನಡೆಸುವ ಚುನಾವಣೆಗೆ ಸರ್ಕಾರದ ನೌಕರನೇ ಕಾವಲುಗಾರ.

ಬೇರೆ ದೇಶಗಳು ಹಿಡಿದ ಹಾದಿಯೇ ಬೇರೆ. 1986ರ ಫಿಲಿಪೀನ್ಸ್ ಚುನಾವಣೆಯಲ್ಲಿ ನಾಮ್‌ಫ್ರೆಲ್ ಎಂಬ ನಾಗರಿಕ ಸಂಘಟನೆ ಲಕ್ಷಾಂತರ ಸ್ವಯಂಸೇವಕರನ್ನು ಮತಗಟ್ಟೆಗಳಿಗೆ ಕಳಿಸಿ ತನ್ನದೇ ಸಮಾಂತರ ಎಣಿಕೆ ನಡೆಸಿತು. ಅದರ ಲೆಕ್ಕಕ್ಕೂ ಸರ್ಕಾರಿ ಲೆಕ್ಕಕ್ಕೂ ಬಿದ್ದ ಅಂತರ ಮಾರ್ಕೋಸ್ ಆಡಳಿತ ಉರುಳಲು ಒಂದು ಕಾರಣವಾಯಿತು. ಜರ್ಮನಿಯಲ್ಲಿ ಎಣಿಕೆ ಸಾರ್ವಜನಿಕ ಕಾರ್ಯ. ಯಾರು ಬೇಕಾದರೂ ನಿಂತು ನೋಡಬಹುದು. ಭಾರತದಲ್ಲಿ 1974ರಲ್ಲಿ ಜಯಪ್ರಕಾಶ ನಾರಾಯಣರು ಪ್ರಜಾಪ್ರಭುತ್ವಕ್ಕಾಗಿ ನಾಗರಿಕರು ಎಂಬ ವೇದಿಕೆ ಕಟ್ಟಿದರು, ವಿ.ಎಂ. ತಾರ್ಕುಂಡೆ ಸಮಿತಿ ಚುನಾವಣಾ ಸುಧಾರಣೆಯ ವರದಿ ಕೊಟ್ಟಿತು. ತುರ್ತುಪರಿಸ್ಥಿತಿಯ ಬಿರುಗಾಳಿಯಲ್ಲಿ ಆ ಕಾಗದಗಳು ಮೂಲೆಗೆ ಸೇರಿದವು.

ಇಷ್ಟರಲ್ಲಿ ಮತಪೆಟ್ಟಿಗೆಯೇ ಬದಲಾಯಿತು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸಿದ ಮತಯಂತ್ರ 1982ರಲ್ಲಿ ಕೇರಳದ ಪರವೂರಿನಲ್ಲಿ, 1983ರಲ್ಲಿ ಬೆಂಗಳೂರಿನ ಶಾಂತಿನಗರದಲ್ಲೂ ಪರೀಕ್ಷೆಗೆ ಇಳಿಯಿತು. ಕಾನೂನಿನಲ್ಲಿ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ತಡೆದ ಮೇಲೆ 1989ರ ತಿದ್ದುಪಡಿ ದಾರಿ ತೆರೆಯಿತು. 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶವೆಲ್ಲ ಯಂತ್ರವೇ. ಏಜೆಂಟನ ಕಸುಬೂ ಬದಲಾಯಿತು. ಬೆಳಗಿನ ಜಾವ ಬಂದು ಅಣಕು ಮತದಾನದಲ್ಲಿ ಕನಿಷ್ಠ 50 ಮತ ಒತ್ತಿ, ಲೆಕ್ಕ ತಾಳೆ ನೋಡಿ, ಯಂತ್ರವನ್ನು ಖಾಲಿ ಮಾಡಿಸಿ, ಮೊಹರಿನ ಕಾಗದಕ್ಕೆ ಸಹಿ ಹಾಕುವುದು ಮೊದಲ ಕೆಲಸ. ಸಂಜೆ ಕೊನೆಯ ಕೆಲಸ ನಮೂನೆ 17ಸಿ ಪಡೆಯುವುದು. ಆ ಮತಗಟ್ಟೆಯಲ್ಲಿ ಒಟ್ಟು ಎಷ್ಟು ಮತ ಬಿದ್ದವು, ಯಂತ್ರದ ಕ್ರಮಸಂಖ್ಯೆ ಏನು ಎಂಬುದೆಲ್ಲ ಈ ಒಂದು ಹಾಳೆಯಲ್ಲಿರುತ್ತದೆ. ಎಣಿಕೆಯ ದಿನ ಜಾಲರಿಯ ಹಿಂದೆ ಕೂತ ಏಜೆಂಟನಿಗೆ ಈ ಹಾಳೆ ಬಿಟ್ಟರೆ ಬೇರೆ ಆಯುಧವಿಲ್ಲ. ಯಂತ್ರದಲ್ಲಿ ಬಂದ ಒಟ್ಟು ಸಂಖ್ಯೆ 17ಸಿಯೊಂದಿಗೆ ಕೂಡಿಬರದಿದ್ದರೆ ಅಲ್ಲೇ ಕೈ ಎತ್ತಬೇಕು.

ಹೊರಗಿನಿಂದ ಕಾಯುವ ಎರಡನೆಯ ದಾರಿಗೆ ಅಡಿಗಲ್ಲು ಬಿದ್ದದ್ದು 1999ರಲ್ಲಿ, ಅದೂ ರಾಜಕಾರಣಕ್ಕೆ ಹೊಸಬರಾದ ಮೇಷ್ಟರುಗಳಿಂದ. ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು ಎಡಿಆರ್ ಎಂದು ಪ್ರಸಿದ್ಧವಾದ ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘ ಕಟ್ಟಿ, ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣ, ಆಸ್ತಿ ಮತ್ತು ವಿದ್ಯಾಭ್ಯಾಸದ ವಿವರವನ್ನು ಮತದಾರರ ಮುಂದಿಡಬೇಕೆಂದು ದೆಹಲಿ ಹೈಕೋರ್ಟಿಗೆ ಹೋದರು. ಸ್ಥಾಪಕರಲ್ಲಿ ಒಬ್ಬರಾದ ತ್ರಿಲೋಚನ ಶಾಸ್ತ್ರಿ ಮುಂದೆ ಬೆಂಗಳೂರಿನ ಐಐಎಂಗೆ ಬಂದರು. 2000ದ ನವೆಂಬರ್ 2ರಂದು ಹೈಕೋರ್ಟ್ ಅರ್ಜಿಯನ್ನು ಪುರಸ್ಕರಿಸಿತು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ನಡೆದದ್ದು ಅಪರೂಪದ ದೃಶ್ಯ. ಒಂದು ವಿಷಯದಲ್ಲೂ ಒಮ್ಮತಕ್ಕೆ ಬಾರದ ಪಕ್ಷಗಳು ಸರ್ವಪಕ್ಷ ಸಭೆಯಲ್ಲಿ ಒಂದಾದವು. ತೀರ್ಪನ್ನು ತೆಳುಗೊಳಿಸುವ ಸುಗ್ರೀವಾಜ್ಞೆ ಸಿದ್ಧವಾಯಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಒಮ್ಮೆ ಹಿಂದಕ್ಕೆ ಕಳಿಸಿದರು. ಸಂಪುಟ ಮತ್ತೆ ಕಳಿಸಿದಾಗ ಸಹಿ ಹಾಕಬೇಕಾಯಿತು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್, ಆ ಸುಗ್ರೀವಾಜ್ಞೆಯಿಂದ ಕಾಯ್ದೆಗೆ ಸೇರಿದ್ದ 33ಬಿ ಕಲಮನ್ನು ರದ್ದುಮಾಡಿದಾಗ ಮತದಾರನ ತಿಳಿಯುವ ಹಕ್ಕು ಗಟ್ಟಿಯಾಯಿತು.

ಪ್ರಮಾಣಪತ್ರಗಳು ಹೊರಬಂದ ಮೇಲೆ ಅವನ್ನು ಓದುವವರು ಬೇಕಾಯಿತು. ಕರ್ನಾಟಕ ಎಲೆಕ್ಷನ್ ವಾಚ್ ಎಂಬ ಹೆಸರಿನಲ್ಲಿ ಸ್ವಯಂಸೇವಕರು ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಸಂಗ್ರಹಿಸಿ, ಕೋಟ್ಯಧಿಪತಿಗಳೆಷ್ಟು, ಪ್ರಕರಣ ಎದುರಿಸುವವರೆಷ್ಟು ಎಂದು ಪಟ್ಟಿ ಮಾಡಿ ಪತ್ರಿಕೆಗಳಿಗೆ ಕೊಡತೊಡಗಿದರು. ಇಂದು ಚುನಾವಣೆ ಬಂದೊಡನೆ ಪತ್ರಿಕೆಗಳಲ್ಲಿ ಕಾಣುವ ಆಸ್ತಿ ವಿವರದ ಕೋಷ್ಟಕಗಳ ಮೂಲ ಇದು. ಇದರ ಮಿತಿಯನ್ನೂ ಹೇಳಬೇಕು. ಎಲೆಕ್ಷನ್ ವಾಚ್ ಅಭ್ಯರ್ಥಿಯನ್ನು ನೋಡಿತು, ಮತವನ್ನಲ್ಲ. ಪಟ್ಟಿ ಪ್ರಕಟವಾದ ಮೇಲೂ ಶ್ರೀಮಂತರು ಮತ್ತು ಪ್ರಕರಣ ಹೊತ್ತವರು ಗೆಲ್ಲುತ್ತಲೇ ಬಂದರು.

ಒಂದೊಂದು ಮತವನ್ನೂ ಏಕೆ ಕಾಯಬೇಕು ಎಂಬುದಕ್ಕೆ ಕಾವೇರಿಯ ಆಚೆ ದಡದ ಚಾಮರಾಜನಗರ ಜಿಲ್ಲೆ 2004ರಲ್ಲಿ ಉದಾಹರಣೆ ಕೊಟ್ಟಿತು. ಸಂತೆಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೆ ಅಂದು ಮತ ಹಾಕಲು ಬಿಡುವಾಗಲಿಲ್ಲ ಎಂಬ ಮಾತು ಪ್ರತಿ ಚುನಾವಣೆಯಲ್ಲೂ ಮತ್ತೆ ಕೇಳಿಬರುತ್ತದೆ. 2023ರ ಮೇ 13ರಂದು ಬೆಂಗಳೂರಿನ ಜಯನಗರದಲ್ಲಿ ಅಂತರ 16 ಮತ. ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಎಣಿಕೆ ಕೇಂದ್ರದಲ್ಲಿ ಮೊದಲು ಮುಂದಿದ್ದ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ, ಅಂಚೆ ಮತಪತ್ರಗಳ ಮರುಪರಿಶೀಲನೆಯ ನಂತರ ಬಿಜೆಪಿಯ ಸಿ.ಕೆ. ರಾಮಮೂರ್ತಿಯವರ ಎದುರು ಸೋತರು. ಫಲಿತಾಂಶ ಹೊರಬಿದ್ದದ್ದು ರಾತ್ರಿ ಬಹಳ ಹೊತ್ತಾದ ಮೇಲೆ. ಕಾಂಗ್ರೆಸ್ ರಾಜ್ಯವನ್ನು ಗೆದ್ದ ದಿನವೇ ಅದರ ನಾಯಕ ಡಿ.ಕೆ. ಶಿವಕುಮಾರ್ ಆ ಕಾಲೇಜಿನ ಮುಂದೆ ಬಂದು ಪ್ರತಿಭಟಿಸಿದರು. ಯಂತ್ರದ ಯುಗದಲ್ಲೂ ಫಲಿತಾಂಶ ನಿಂತದ್ದು ಕಾಗದದ ಮೇಲೆ. ಒಳಗೆ ಏನಾಯಿತು ಎಂದು ಎರಡು ಪಕ್ಷದವರೂ ಎರಡು ಬಗೆಯಾಗಿ ಹೇಳಿದರು; ಮೂರನೆಯವನಾಗಿ ಹೇಳಬಲ್ಲ ಪಕ್ಷಾತೀತ ಸಾಕ್ಷಿ ಅಲ್ಲಿರಲಿಲ್ಲ.

ಮತದಾರರ ಪಟ್ಟಿಯ ಕಾವಲು ಇನ್ನೊಂದು ಕಥೆ. 2001ರಲ್ಲಿ ಹುಟ್ಟಿದ ಜನಾಗ್ರಹ ಮೊದಲಾದ ಬೆಂಗಳೂರಿನ ಸಂಸ್ಥೆಗಳು ಪಟ್ಟಿಯಲ್ಲಿ ಉಳಿದ ಸತ್ತವರು, ಊರು ಬಿಟ್ಟವರು, ಎರಡು ಕಡೆ ಇರುವವರ ಹೆಸರು ಹುಡುಕುವ ಕೆಲಸ ಮಾಡಿದವು. ಇದು ಬೇಸರದ ಕೆಲಸ, ಫೋಟೊ ಬರುವಂಥದ್ದಲ್ಲ. ಆದರೆ ನಾಗರಿಕರಿಗೆ ಕಾನೂನಿನ ತಡೆಯಿಲ್ಲದ ಕೆಲಸ. ಅದೇ ಕಾರಣಕ್ಕೆ ದುರುಪಯೋಗಕ್ಕೂ ಹತ್ತಿರ. 2022ರ ನವೆಂಬರಿನಲ್ಲಿ ಚಿಲುಮೆ ಎಂಬ ಸಂಸ್ಥೆ ಮತದಾರರ ಜಾಗೃತಿಗೆಂದು ಆಗಿನ ಬೆಂಗಳೂರು ಮಹಾನಗರ ಪಾಲಿಕೆ ಬಿಬಿಎಂಪಿಯ ಅನುಮತಿ ಪಡೆದು ಮನೆ ಮನೆಯಿಂದ ಮತದಾರರ ಮಾಹಿತಿ ಕಲೆಹಾಕಿದ ಆರೋಪ ಹೊರಬಂತು. ಆಯೋಗ ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಸೂಚಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳ ಮರುಪರಿಶೀಲನೆಗೆ ಆದೇಶಿಸಿತು. ಅದಾದ ಬಳಿಕ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಬಾಗಿಲಿಗೆ ಬಂದ ಸ್ವಯಂಸೇವಕರನ್ನು ಜನ ಅನುಮಾನದಿಂದ ನೋಡಿದರೆ ತಪ್ಪು ಅವರದಲ್ಲ.

ಇದಕ್ಕೆ ಎದುರಾಗಿ ಕಲಬುರಗಿ ಜಿಲ್ಲೆಯ ಆಳಂದವನ್ನು ಇಡಬೇಕು. ಅಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರನ್ನೇ ಪಟ್ಟಿಯಿಂದ ತೆಗೆಯಲು ಅರ್ಜಿ ಬಂದಿರುವುದನ್ನು ಗಮನಿಸಿದರು. ಅರ್ಜಿ ಹಾಕಿದ್ದಾರೆ ಎನ್ನಲಾದ ನೆರೆಯವರಿಗೆ ಅದರ ಸುಳಿವೇ ಇರಲಿಲ್ಲ. ಆಳಂದದ ಕಾಂಗ್ರೆಸ್ ಮುಖಂಡ ಬಿ.ಆರ್. ಪಾಟೀಲರ ದೂರಿನ ಮೇಲೆ ನಡೆದ ಪರಿಶೀಲನೆಯಲ್ಲಿ, ಹೆಸರು ತೆಗೆಯಲು ಬಂದಿದ್ದ 6,018 ಅರ್ಜಿಗಳ ಪೈಕಿ 24 ಮಾತ್ರ ಸರಿಯಾದವು, 5,994 ತಪ್ಪು ಎಂದು ತಿಳಿಯಿತು. 2023ರ ಫೆಬ್ರುವರಿಯಲ್ಲಿ ಚುನಾವಣಾಧಿಕಾರಿಯೇ ಪೊಲೀಸರಿಗೆ ದೂರು ಕೊಟ್ಟರು. ಆ ಹೆಸರುಗಳು ಪಟ್ಟಿಯಲ್ಲಿ ಉಳಿದವು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತನಿಖೆಗೆ ವಿಶೇಷ ತಂಡ ರಚಿಸಿತು.

2024ರ ಏಪ್ರಿಲ್ 26ರಂದು ಎರಡು ದಾರಿಗಳೂ ಒಂದೇ ದಿನ ಕೂಡಿದವು. ಅಂದು ಬೆಂಗಳೂರು ಗ್ರಾಮಾಂತರ ಸೇರಿ ದಕ್ಷಿಣ ಕರ್ನಾಟಕದ 14 ಕ್ಷೇತ್ರಗಳಲ್ಲಿ ಮತದಾನ. ದೊಡ್ಡಆಲಹಳ್ಳಿಯ ಜನ ತಮ್ಮೂರಿನವರೇ ಆದ ಡಿ.ಕೆ. ಸುರೇಶ್ ಮತ್ತು ಹೃದ್ರೋಗ ತಜ್ಞ ಸಿ.ಎನ್. ಮಂಜುನಾಥ್ ಕಣದಲ್ಲಿದ್ದ ಚುನಾವಣೆಗೆ ಸಾಲು ನಿಂತಿದ್ದಾಗ, ದೆಹಲಿಯಲ್ಲಿ ಎಡಿಆರ್ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಒತ್ತಿದ ಮತವನ್ನು ಕಾಗದದ ಮೇಲೆ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಬೇಡಿಕೆಯನ್ನೂ ಮತಪತ್ರಕ್ಕೆ ಮರಳಬೇಕೆಂಬ ವಾದವನ್ನೂ ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ತಳ್ಳಿಹಾಕಿದರು. 2019ರಿಂದ ನಡೆದುಬಂದಂತೆ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಗಳ ಚೀಟಿ ತಾಳೆ ನೋಡುವುದೇ ಮುಂದುವರಿಯಿತು. ಸಣ್ಣ ಬಾಗಿಲೊಂದು ಮಾತ್ರ ತೆರೆಯಿತು: ಎರಡನೆಯ, ಮೂರನೆಯ ಸ್ಥಾನದಲ್ಲಿ ಸೋತವರು ಏಳು ದಿನದೊಳಗೆ ಕೇಳಿದರೆ ಶೇ 5ರಷ್ಟು ಯಂತ್ರಗಳ ಪರಿಶೀಲನೆ. ಇಲ್ಲೂ ಹಕ್ಕು ಅಭ್ಯರ್ಥಿಗೇ, ಮತದಾರನಿಗಲ್ಲ. ಮಂಜುನಾಥ್ 2,69,647 ಮತಗಳ ಅಂತರದಿಂದ ಗೆದ್ದ ಆ ಕ್ಷೇತ್ರದಲ್ಲಿ ಎಣಿಕೆ ವಿವಾದವಾಗಲಿಲ್ಲ. ಅಂತರ ದೊಡ್ಡದಾದಾಗ ಎಣಿಕೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಆ ಮೇ ತಿಂಗಳಲ್ಲಿ 17ಸಿ ಹಾಳೆಗಳನ್ನು ಮತದಾನವಾದ 48 ಗಂಟೆಯೊಳಗೆ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಎಡಿಆರ್ ಕೇಳಿತು. ಚುನಾವಣೆ ನಡೆಯುತ್ತಿರುವಾಗ ಕೈ ಹಾಕುವುದಿಲ್ಲವೆಂದು ಕೋರ್ಟ್ ಹೇಳಿತು. ಮರುದಿನವೇ ಆಯೋಗ ಕ್ಷೇತ್ರವಾರು ಒಟ್ಟು ಮತಗಳ ಸಂಖ್ಯೆ ಬಿಡುಗಡೆ ಮಾಡಿತು. ಮತಗಟ್ಟೆವಾರು ಹಾಳೆಗಳನ್ನು ಮಾತ್ರ ಕೊಡಲಿಲ್ಲ. ಅದೇ ವರ್ಷದ ಡಿಸೆಂಬರ್ 20ರಂದು 1961ರ ಚುನಾವಣಾ ನಿಯಮಗಳ 93ನೇ ನಿಯಮಕ್ಕೆ ತಿದ್ದುಪಡಿಯಾಗಿ, ಸಿಸಿ ಟಿವಿ ದೃಶ್ಯದಂಥ ದಾಖಲೆಗಳು ಸಾರ್ವಜನಿಕರ ಕೈಗೆ ಸಿಗುವುದು ಕಷ್ಟವಾಯಿತು.

ವಿದ್ವಾಂಸರಲ್ಲೂ ಒಮ್ಮತವಿಲ್ಲ. ಮತಯಂತ್ರದಿಂದ ಅಕ್ರಮ ತಗ್ಗಿತು ಎಂದು 2017ರ ಒಂದು ಅರ್ಥಶಾಸ್ತ್ರೀಯ ಅಧ್ಯಯನ ಹೇಳಿತು. ಯಂತ್ರ ಕೈಗೆ ಸಿಕ್ಕರೆ ತಿದ್ದಬಹುದೆಂದು 2010ರಲ್ಲೇ ಹರಿಪ್ರಸಾದ್, ಹಾಲ್ಡರ್‌ಮನ್ ಮತ್ತು ಗೊಂಗ್ರೈಪ್ ತೋರಿಸಿದ್ದರು. ತೀವ್ರ ಪೈಪೋಟಿಯ ಕ್ಷೇತ್ರಗಳ ಫಲಿತಾಂಶ, ಸರ್ಕಾರಿ ವೀಕ್ಷಕರ ಹಿನ್ನೆಲೆ ಎರಡನ್ನೂ ಜೋಡಿಸಿ ಅಕ್ರಮದ ಸುಳಿವಿದೆ ಎಂದು 2023ರಲ್ಲಿ ಸಬ್ಯಸಾಚಿ ದಾಸ್ ಬರೆದ ಪ್ರಬಂಧ ದೊಡ್ಡ ಚರ್ಚೆ ಎಬ್ಬಿಸಿತು. ಅಂಕಿಅಂಶ ಅಷ್ಟನ್ನು ಸಾಧಿಸುವುದಿಲ್ಲ ಎಂದವರೂ ಇದ್ದಾರೆ. ನಾಗರಿಕ ಸಂಘಟನೆಗಳ ತಟಸ್ಥತೆಯೂ ಪ್ರಶ್ನೆಯಾಗಿದೆ. 2023ರಲ್ಲಿ ಮತದಾರರ ನೋಂದಣಿಗೆ ಓಡಾಡಿದ ಎದ್ದೇಳು ಕರ್ನಾಟಕ, ಅಂದಿನ ಆಡಳಿತ ಪಕ್ಷವನ್ನು ಸೋಲಿಸುವುದೇ ಗುರಿಯೆಂದು ಮುಚ್ಚುಮರೆಯಿಲ್ಲದೆ ಹೇಳಿತ್ತು. ಅಂಥವರನ್ನು ಕಾರ್ಯಕರ್ತರೆನ್ನಬಹುದು, ವೀಕ್ಷಕರೆನ್ನಲಾಗದು.

ಕೋಲಾರ ಜಿಲ್ಲೆಯ ಮಾಲೂರಿನಲ್ಲಿ 2023ರ ಫಲಿತಾಂಶದ ಅಂತರ 248. ಪ್ರಕರಣ ಕರ್ನಾಟಕ ಹೈಕೋರ್ಟಿಗೆ ಹೋದಾಗ ಎಣಿಕೆಯ ವಿಡಿಯೊ ಚಿತ್ರೀಕರಣವನ್ನು ಜಿಲ್ಲಾ ಚುನಾವಣಾ ಆಡಳಿತ ಹಾಜರುಪಡಿಸಲಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಹೇಳಿತು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. ಸರ್ಕಾರಿ ಕ್ಯಾಮೆರಾವೂ ಕೈಕೊಟ್ಟಾಗ ಉಳಿಯುವುದು ಏಜೆಂಟರ ಕೈಯಲ್ಲಿರುವ ಕಾಗದ ಮಾತ್ರ ಎಂಬುದು ಆ ಪ್ರಕರಣದಲ್ಲಿ ಸ್ಪಷ್ಟವಾಯಿತು.

ಗ್ರಾಮ ಪಂಚಾಯಿತಿಗಳಲ್ಲಿ ಹಳೆಯ ಮತಪತ್ರ ಇನ್ನೂ ಜೀವಂತವಿದೆ. 2020ರ ಡಿಸೆಂಬರಿನ ಚುನಾವಣೆಯಲ್ಲಿ ಬೀದರ್ ಒಂದನ್ನು ಬಿಟ್ಟು ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಠಸ್ಸೆ, ಕಾಗದ, ಪೆಟ್ಟಿಗೆಗಳೇ ಬಳಕೆಯಾದವು. 2025ರ ಸೆಪ್ಟೆಂಬರ್ 4ರಂದು ರಾಜ್ಯ ಸಚಿವ ಸಂಪುಟ, ನಗರಸಭೆಗಳೂ ಸೇರಿ ಎಲ್ಲ ಸ್ಥಳೀಯ ಚುನಾವಣೆಗಳಿಗೆ ಮತಪತ್ರ ಬಳಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಕಾಗದಕ್ಕೆ ಮರಳುವ ಮಾತಾಯಿತು. ಎಣಿಕೆ ಮೇಜಿನ ಪಕ್ಕ ಯಾವ ಅಭ್ಯರ್ಥಿಗೂ ಸೇರದ ಊರಿನವನೊಬ್ಬನಿಗೆ ಕುರ್ಚಿ ಹಾಕುವ ಮಾತು ಆ ತೀರ್ಮಾನದಲ್ಲಿ ಇರಲಿಲ್ಲ.